ಕರುಣರಸವೂ ಕಾರುಣ್ಯವೂ: ಗದಗಿನ ಪುಣ್ಯಾಶ್ರಮವನ್ನು ಕುರಿತು

ಕರುಣರಸವನ್ನು ನಮ್ಮ ಲಕ್ಷಣಗ್ರಂಥಗಳು ವಿಸ್ತಾರವಾಗಿ ವಿವೇಚಿಸಿವೆ. ಭರತನು ಶೋಕವನ್ನು ಅದರ ಸ್ಥಾಯೀಭಾವವೆಂದು ಹೇಳಿ, ಗಾಂಧಾರ ನಿಷಾದಗಳನ್ನು ಅದಕ್ಕೆ ವಿಧಿಸಿದನು. ಆದರೆ ಗಾಯನ ಮುಗಿದ ಮೇಲೆ ಶ್ರೋತೃವಿನ ಕಣ್ಣೀರು ಏನಾಗುವುದೆಂಬುದು ಲಾಕ್ಷಣಿಕನ ಪ್ರಶ್ನೆಯಲ್ಲ; ಇತಿಹಾಸಕಾರನು ಅದನ್ನು ಕೇಳಬೇಕಾಗುತ್ತದೆ.

1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು (1867–1930) ಕಾಡಶೆಟ್ಟಿಹಳ್ಳಿಯ ಇಬ್ಬರು ಅಂಧ ಸೋದರರ ಹಾಡನ್ನು ಕೇಳಿ ಅವರಿಗೆ ಆಶ್ರಯವಿತ್ತರು. ಹಾಡಬಲ್ಲ ಕುರುಡ ಬಾಲಕನಿಗೆ ಅಂದಿನ ಸಮಾಜವು ಸಾಮಾನ್ಯವಾಗಿ ತೋರುತ್ತಿದ್ದ ದಾರಿ ಭಿಕ್ಷೆಯದು. ದಾರಿಹೋಕನು ಹಾಕಿದ ಕಾಸೂ ಕರುಣೆಯೇ ಸರಿ. ಆದರೆ ಅದು ಬಾಲಕನನ್ನು ಬೀದಿಯಲ್ಲಿಯೇ ಉಳಿಸುತ್ತಿತ್ತು. ಸ್ವಾಮಿಗಳು ಕೊಡಿಸಿದ್ದು ಶಿಕ್ಷಣ, ಅದೂ ಬಹುಕಾಲದ ಕಠಿನ ಶಿಕ್ಷಣ. ಸೋದರರಲ್ಲಿ ಕಿರಿಯನಾದ ಗದಿಗೆಯ್ಯನು ಮೈಸೂರಿನಲ್ಲಿ ಕರ್ನಾಟಕ ಪದ್ಧತಿಯನ್ನೂ, ಮುಂದೆ ನೀಲಕಂಠ ಬುವಾ ಅವರಲ್ಲಿ ಹಿಂದೂಸ್ತಾನಿಯನ್ನೂ ಕಲಿತು, ಪಂಚಾಕ್ಷರ ಗವಾಯಿಗಳೆಂದು (1892–1944) ಪ್ರಸಿದ್ಧನಾದನು.

ತಾನು ಪಡೆದುದನ್ನು ಇತರ ಅಂಧರಿಗೂ ಅನಾಥರಿಗೂ ಹಂಚಬೇಕೆಂಬುದೇ ಗವಾಯಿಗಳ ವ್ರತವಾಯಿತು. ಅವರ ಪಾಠಶಾಲೆ ಬಹುಕಾಲ ಸಂಚಾರಿಯಾಗಿಯೇ ಇದ್ದು, ಕಡೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. ಊಟ, ವಸತಿ, ಪಾಠ ಇವುಗಳಿಗೆ ಶುಲ್ಕವಿಲ್ಲ. ವೀರಶೈವ ಪರಂಪರೆಯ ದಾಸೋಹಭಾವನೆ ಇಲ್ಲಿ ಸಂಗೀತಕ್ಕೂ ವಿಸ್ತರಿಸಿತೆನ್ನಬಹುದು. ಆದರೆ ಭಾವನೆಯಿಂದ ಒಲೆ ಉರಿಯದು. ಧಾನ್ಯದ ಕೊರತೆ ತೀವ್ರವಾಗಿದ್ದ ಯುದ್ಧದ ವರ್ಷಗಳಲ್ಲಿಯೇ, 1944ರಲ್ಲಿ, ಗವಾಯಿಗಳು ತೀರಿಕೊಂಡರು. ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ, ಆಗ ಮೂವತ್ತು ವರ್ಷದ ಪುಟ್ಟರಾಜ ಗವಾಯಿಗಳ (1914–2010) ಮೇಲೆ ಭಾರ ಬಿದ್ದಿತು. ಅವರು ನಾಟಕಗಳನ್ನು ರಚಿಸಿ ಆಡಿಸಿದರು. ಭಕ್ತರು ನಡೆಸಿದ ತುಲಾಭಾರಗಳ ಹಣವೂ ಆಶ್ರಮದ ಅನ್ನವಾಯಿತು. ಈ ಮಹನೀಯರ ಚರಿತ್ರೆಗಳನ್ನು ಬರೆದವರು ಪವಾಡಗಳಿಗೆ ಕೊಟ್ಟಷ್ಟು ಪುಟಗಳನ್ನು ಜೋಳದ ಲೆಕ್ಕಕ್ಕೆ ಕೊಡದಿರುವುದು ನನಗೆ ಕೊರತೆಯಾಗಿಯೇ ಕಾಣುತ್ತದೆ. ದಿನವೂ ಅಷ್ಟು ಮಕ್ಕಳಿಗೆ ಎರಡು ಹೊತ್ತು ಉಣಿಸಿದ್ದೇನು ಸಾಮಾನ್ಯ ಪವಾಡವೇ?

ಇನ್ನೊಂದು ಸಂಗತಿಯನ್ನು ವಿಶೇಷವಾಗಿ ಗಮನಿಸತಕ್ಕದ್ದು. ಆಶ್ರಮದ ವಿದ್ಯೆ ಅಂಧರಿಗಷ್ಟೇ ಮೀಸಲಾಗಲಿಲ್ಲ. ಕಣ್ಣುಳ್ಳ ಬಸವರಾಜ ರಾಜಗುರು ಅವರು ಪಂಚಾಕ್ಷರ ಗವಾಯಿಗಳ ಶಿಷ್ಯರಾದರು. ಮುಂದಿನ ತಲೆಮಾರಿನಲ್ಲಿ ಎಂ. ವೆಂಕಟೇಶಕುಮಾರ್ ಅವರು ಪುಟ್ಟರಾಜರ ಬಳಿ ಆಶ್ರಮದಲ್ಲಿಯೇ ಹನ್ನೆರಡು ವರ್ಷಗಳ ಕಾಲ ಕಲಿತರು. ಒಂದು ಕಾಲಕ್ಕೆ ಲೋಕವು ಯಾರನ್ನು ಕಂಡು ಮರುಗಿತ್ತೋ ಅವರ ಎದುರಿಗೆ, ಕಣ್ಣುಳ್ಳವರು ತಂಬೂರಿ ಹಿಡಿದು ಕುಳಿತು, ತಪ್ಪಿದ ಸ್ವರವನ್ನು ತಿದ್ದಿಸಿಕೊಂಡರು.