ನಡುಕದ ಆಚೆಗಿನ ಅಪಾಯ

2005ರ ಫೆಬ್ರವರಿ 1ರ ರಾತ್ರಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಜಗದ್ಗುರು ಎರಡನೇ ಜಾನ್ ಪೌಲರನ್ನು ಅಂದು ರೋಮಿನ ಜೆಮೆಲ್ಲಿ ಆಸ್ಪತ್ರೆಗೆ ತುರ್ತಾಗಿ ಸೇರಿಸಲಾಯಿತು. ಪಾರ್ಕಿನ್ಸನ್ ರೋಗದಿಂದ ನಡುಗುತ್ತಿದ್ದ ಅವರ ಕೈಯನ್ನು ಲೋಕವೆಲ್ಲ ವರ್ಷಗಳಿಂದ ಕಂಡಿತ್ತು. ಆದರೆ ಆ ರಾತ್ರಿ ಅಪಾಯ ಬಂದದ್ದು ಕಂಠದಲ್ಲಿ: ಫ್ಲೂ ಜ್ವರದ ಬೆನ್ನಿಗೇ ಧ್ವನಿಪೆಟ್ಟಿಗೆ ಬಿಗಿದುಕೊಂಡಿತ್ತು. ಫೆಬ್ರವರಿ 24ರಂದು ಮತ್ತೆ ಉಸಿರಾಟ ಕಷ್ಟವಾದಾಗ ವೈದ್ಯರು ಕೊರಳಿನಲ್ಲಿ ರಂಧ್ರ ಮಾಡಿ ಕೊಳವೆಯನ್ನು ಇರಿಸಿದರು. ಮಾರ್ಚ್ ಕೊನೆಯಲ್ಲಿ ಮೂತ್ರನಾಳದ ಸೋಂಕು ಇಡೀ ದೇಹವನ್ನು ಆವರಿಸಿತು. ಏಪ್ರಿಲ್ 2ರಂದು ಅವರು ದೈವಾಧೀನರಾದರು.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ನರು 1817ರಲ್ಲಿ ಆರು ಮಂದಿಯನ್ನು ಗಮನಿಸಿ (ಕೆಲವರನ್ನು ಕಂಡದ್ದು ಬರಿಯ ಬೀದಿಯಲ್ಲಿ!) ಬರೆದ ಪ್ರಬಂಧದಲ್ಲಿಯೇ, ತುತ್ತು ನುಂಗಲಾಗದ ಸ್ಥಿತಿಯ ವರ್ಣನೆ ಇದೆ. ಉಣ್ಣುವಾಗ ಪದೇಪದೇ ಕೆಮ್ಮು, ಉಂಡ ಮೇಲೆ ಗೊರಗೊರ ಸ್ವರ, ಅನಂತರ ಜ್ವರ, ಏದುಸಿರು ಕಂಡರೆ ಆಹಾರ ಶ್ವಾಸಕೋಶಕ್ಕೆ ಇಳಿದಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ.

ಇನ್ನೊಂದು ಅಪಾಯ ಔಷಧದ ಚರಿತ್ರೆಯೊಂದಿಗೆ ಬಂದದ್ದು. ಮೆದುಳಿನಲ್ಲಿ ಕುಂದಿದ ಡೋಪಮೈನನ್ನು ತುಂಬಿಕೊಡುವುದು ಲೆವೊಡೋಪಾ. ನಮ್ಮ ಬೇಲಿಗಳ ನಸುಗುನ್ನಿ ಬೀಜದಿಂದ ಅದನ್ನು ಮದರಾಸಿನ ವಿಜ್ಞಾನಿಗಳು 1937ರಷ್ಟು ಹಿಂದೆಯೇ ಬೇರ್ಪಡಿಸಿದ್ದರೆಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಜಾರ್ಜ್ ಕೊಟ್ಜಿಯಾಸರ ಪ್ರಯೋಗಗಳಿಂದ ಹಾಸಿಗೆ ಹಿಡಿದವರೂ ಎದ್ದು ನಡೆದರು. ವರ್ಷಗಳು ಕಳೆದಂತೆ ಗುಳಿಗೆಯ ಫಲ ತಗ್ಗಿತು. ಕೆಲವು ದಿನ ಅದನ್ನು ನಿಲ್ಲಿಸಿದರೆ ಮತ್ತೆ ಚುರುಕಾದೀತೆಂದು 'ಔಷಧಕ್ಕೆ ರಜೆ' ಕೊಡುವ ಪದ್ಧತಿ ಹುಟ್ಟಿಕೊಂಡಿತು. ಆಶೆ ಒಳ್ಳೆಯದೇ, ಪರಿಣಾಮ ಘೋರ. ಔಷಧವನ್ನು ಥಟ್ಟನೆ ನಿಲ್ಲಿಸಿದ ಕೆಲವರಿಗೆ ಮೈ ಕಾದಿತು, ಅಂಗಾಂಗಗಳು ಮರದಂತೆ ಸೆಟೆದವು, ಬುದ್ಧಿ ಮಂಕಾಯಿತು. 1981ರಲ್ಲಿ ಜಪಾನಿನ ವೈದ್ಯರು ಇದನ್ನು ವರದಿ ಮಾಡಿದರು. ಆ ರಜೆಯ ಪದ್ಧತಿಯನ್ನು ವೈದ್ಯಲೋಕ ಕೈಬಿಟ್ಟಿತು.

ಆದರೆ ಮನೆಗಳಲ್ಲಿ ಅಂಥ ರಜೆ ಇಂದಿಗೂ ತಿಳಿಯದೆಯೇ ನಡೆಯುತ್ತದೆ: ಗುಳಿಗೆ ಮುಗಿದಾಗ, ವಾಂತಿಯಾದಾಗ, ಶಸ್ತ್ರಚಿಕಿತ್ಸೆಗಾಗಿ ಉಪವಾಸವಿರಿಸಿದಾಗ. ಅನಂತರ ಕೆಲವೇ ದಿನಗಳಲ್ಲಿ ಜ್ವರ, ಬಿಗಿತ, ಗೊಂದಲ ಒಟ್ಟಿಗೆ ಬಂದರೆ ಅದು ತುರ್ತು ಸ್ಥಿತಿ. ವೈದ್ಯರು ನಿಂತ ಔಷಧವನ್ನು ಮರಳಿ ಆರಂಭಿಸುತ್ತಾರೆ, ನುಂಗಲಾಗದಿದ್ದರೆ ಮೂಗಿನ ಕೊಳವೆಯ ಮೂಲಕ. ಮೈ ತಂಪಾಗಿಸಿ, ದ್ರವ ಕೊಟ್ಟು, ಮೂತ್ರಪಿಂಡವನ್ನು ಕಾಯುತ್ತಾರೆ. ವಾಂತಿಗೆ ಮೆಟೊಕ್ಲೋಪ್ರಮೈಡ್, ಗೊಂದಲಕ್ಕೆ ಹ್ಯಾಲೊಪೆರಿಡಾಲ್ ಈ ರೋಗಿಗಳಿಗೆ ಸಲ್ಲವು, ಬಿಗಿತ ಹೆಚ್ಚುತ್ತದೆ. ಯಾವ ಕಾರಣಕ್ಕೆ ಆಸ್ಪತ್ರೆ ಸೇರಿದರೂ ಗುಳಿಗೆಯ ಹೆಸರು, ಪ್ರಮಾಣ, ಗಂಟೆ ಬರೆದ ಚೀಟಿಯನ್ನು ಮೊದಲು ದಾದಿಯರ ಕೈಗಿಡಿ.