ವೈಯಕ್ತಿಕ ಜಾಲತಾಣದ ದೃಶ್ಯಶೈಲಿ ಕೈಪಿಡಿ

ದೃಶ್ಯಶೈಲಿ ಕೈಪಿಡಿ ಎಂಬುದು ಒಂದು ಜಾಲತಾಣದ ಅಕ್ಷರರೂಪ, ಬಣ್ಣ, ಚಿತ್ರ, ಅಂತರ ಮತ್ತು ಕಾಗುಣಿತಗಳು ಎಲ್ಲ ಪುಟಗಳಲ್ಲಿಯೂ ಒಂದೇ ಬಗೆಯಾಗಿರುವಂತೆ ನಿಗದಿಪಡಿಸುವ ಲಿಖಿತ ನಿಯಮಾವಳಿ. ವೈದ್ಯರು, ವಕೀಲರು, ಲೆಕ್ಕಪರಿಶೋಧಕರು, ವಾಸ್ತುಶಿಲ್ಪಿಗಳು, ಭೂವಿಜ್ಞಾನಿಗಳು ಮೊದಲಾದ ವೃತ್ತಿನಿರತರು ತಮ್ಮ ಹೆಸರಿನಲ್ಲಿ ನಡೆಸುವ ತಾಣಗಳಿಗೆ ಇಂತಹ ಕೈಪಿಡಿ ಸಾಮಾನ್ಯವಾಗಿ ನಾಲ್ಕೈದು ಪುಟಗಳನ್ನು ಮೀರುವುದಿಲ್ಲ. ತಾಣವನ್ನು ಮೊದಲು ರೂಪಿಸಿದವರು ಬಿಟ್ಟುಹೋದ ಮೇಲೆ ಬೇರೊಬ್ಬರು ಪುಟ ಸೇರಿಸುವಾಗ ಇದರ ಪ್ರಯೋಜನ ತಿಳಿಯುತ್ತದೆ.

ಹಿನ್ನೆಲೆ

ಶೈಲಿ ಕೈಪಿಡಿಗಳು ಜಾಲತಾಣಗಳಿಗಿಂತ ಹಳೆಯವು. ಮಾಸಿಮೊ ವಿನ್ಯೆಲ್ಲಿ ಮತ್ತು ಬಾಬ್ ನೂರ್ಡಾ ಅವರು ನ್ಯೂಯಾರ್ಕ್ ನಗರದ ಸುರಂಗ ರೈಲಿಗಾಗಿ 1970ರಲ್ಲಿ ಸಿದ್ಧಪಡಿಸಿದ ಮಾನದಂಡ ಪುಸ್ತಕವು ಈ ಪ್ರಕಾರದ ಪ್ರಸಿದ್ಧ ಮಾದರಿ. ಭಾರತ ಸರ್ಕಾರದ ಜಾಲತಾಣಗಳಿಗೆ ಮಾರ್ಗಸೂಚಿ 2009ರಲ್ಲಿ ಹೊರಬಂದಿತು. ಅದರ ಮೂರನೆಯ ಆವೃತ್ತಿ 2023ರದು. ಆದರೆ ಜನಸಾಮಾನ್ಯರು ದಿನನಿತ್ಯ ಕಾಣುವ ಶೈಲಿ ನಿಯಮವೆಂದರೆ ರೈಲು ನಿಲ್ದಾಣದ ನಾಮಫಲಕವೇ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಇಳಿಯುವ ಪ್ರಯಾಣಿಕನು ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರಗಳಲ್ಲಿ ಊರಿನ ಹೆಸರನ್ನು ಕನ್ನಡ, ಹಿಂದಿ, ಇಂಗ್ಲಿಷ್ ಎಂಬ ಕ್ರಮದಲ್ಲಿ ಓದುತ್ತಾನೆ. ಯಾವ ಬಣ್ಣ, ಯಾವ ಲಿಪಿ ಮೊದಲು ಎಂಬ ಪ್ರಶ್ನೆಗಳು ಅಲ್ಲಿ ಒಮ್ಮೆ ತೀರ್ಮಾನವಾಗಿವೆ. ಪ್ರತಿ ನಿಲ್ದಾಣದಲ್ಲಿ ಹೊಸದಾಗಿ ಚರ್ಚೆಯಾಗುವುದಿಲ್ಲ.

ಕೋಲಾರ ಚಿನ್ನದ ಗಣಿ ಪ್ರದೇಶದ ಸಂದರ್ಭ

ಕರ್ನಾಟಕದಲ್ಲಿ ವೃತ್ತಿಪರ ಜಾಲತಾಣವೊಂದಕ್ಕೆ ಅತಿ ಕಠಿಣ ಪರೀಕ್ಷೆಯೊಡ್ಡುವ ಪ್ರದೇಶಗಳಲ್ಲಿ ಕೆ.ಜಿ.ಎಫ್. ಒಂದು. ಗಣಿ ಕೆಲಸಕ್ಕಾಗಿ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದ ಕುಟುಂಬಗಳಿಂದಾಗಿ ಪಟ್ಟಣದಲ್ಲಿ ತಮಿಳು ಮಾತನಾಡುವವರೇ ಹೆಚ್ಚು. ಸುತ್ತಲಿನ ಹಳ್ಳಿಗಳಲ್ಲಿ ಕನ್ನಡದೊಡನೆ ತೆಲುಗು ಬೆರೆತಿದೆ. ಉರ್ದು ಮತ್ತು ಇಂಗ್ಲಿಷ್ ಬಲ್ಲವರೂ ಇದ್ದಾರೆ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ನಂತರ ದುಡಿಯುವವರಲ್ಲಿ ಬಹುಮಂದಿ ಮಾರಿಕುಪ್ಪಂ ಮತ್ತು ಬಂಗಾರಪೇಟೆ ಮಾರ್ಗವಾಗಿ ದಿನವೂ ಬೆಂಗಳೂರಿಗೆ ಹೋಗಿಬರುವವರು. ರಾಬರ್ಟ್‌ಸನ್ ಪೇಟೆಯ ವೈದ್ಯರೊಬ್ಬರ ಸಮಾಲೋಚನಾ ವೇಳೆಯನ್ನು ಇವರು ನೋಡುವುದು ನೂಕುನುಗ್ಗಲಿನ ರೈಲಿನಲ್ಲಿ, ಅಂಗೈಯಗಲದ ಪರದೆಯ ಮೇಲೆ. ಆದುದರಿಂದ ದೊಡ್ಡ ಗಣಕಪರದೆಗೆ ಒಪ್ಪುವ ಸೊಗಸಿಗಿಂತ ಮೊಬೈಲಿನಲ್ಲಿ ಒಂದೇ ನೋಟಕ್ಕೆ ಸಿಗುವ ದೂರವಾಣಿ ಸಂಖ್ಯೆ, ವೇಳೆ ಮತ್ತು ವಿಳಾಸ ಇಲ್ಲಿ ಮುಖ್ಯ.

ಬಂಗಾರಪೇಟೆಗೆ ಬ್ರಿಟಿಷರ ಕಾಲದಲ್ಲಿ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರಿನಿಂದ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಊರಿಗಾಂ ಎಂಬ ಹೆಸರು ಉರಿಗಾಂ ಎಂದೂ ಊರ್ಗಾಂ ಎಂದೂ ಬರೆಹಗಳಲ್ಲಿ ಕಾಣುತ್ತದೆ. ಕೆಜಿಎಫ್ ಎಂದೋ ಕೆ.ಜಿ.ಎಫ್. ಎಂದೋ, ತಾಲೂಕು ಎಂದೋ ತಾಲ್ಲೂಕು ಎಂದೋ ಎಂಬುದು ಅಲ್ಪ ವಿಷಯವಾಗಿ ತೋರಬಹುದು. ಆದರೆ ಒಂದೇ ತಾಣದ ಮೂರು ಪುಟಗಳಲ್ಲಿ ಮೂರು ಬಗೆಯಾಗಿ ಬರೆದ ವಿಳಾಸವನ್ನು ಹೊರಗಿನ ಓದುಗನು ಮೂರು ಊರೆಂದು ತಿಳಿಯುವ ಸಂಭವವಿದೆ. ಕೈಪಿಡಿಯ ಮೊದಲ ಪುಟದಲ್ಲಿಯೇ ಸ್ಥಳನಾಮಗಳ ಪಟ್ಟಿ ಇರಬೇಕಾದುದು ಇದಕ್ಕಾಗಿ.

ವ್ಯಕ್ತಿನಾಮದ ವಿಚಾರ ಇನ್ನೂ ಸೂಕ್ಷ್ಮ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ತಮಿಳಿನಲ್ಲಿ ಬರೆದ ‘ಗಣೇಶ’ ಎಂಬ ಹೆಸರನ್ನು ಯಾಂತ್ರಿಕವಾಗಿ ಕನ್ನಡಕ್ಕೆ ಮರಳಿಸಿದರೆ ‘ಕಣೇಶ’ ಆಗಬಹುದು. ತಂದೆಯ ಹೆಸರಿನ ಮೊದಲಕ್ಷರವನ್ನು ಮುಂದಿಡುವ ರೂಢಿ ಇರುವಲ್ಲಿ ಆ ಅಕ್ಷರವನ್ನು ಬಿಡುವುದು ಇಬ್ಬರನ್ನು ಒಬ್ಬರನ್ನಾಗಿಸುತ್ತದೆ. ವೃತ್ತಿ ಪರಿಷತ್ತಿನಲ್ಲಿ ನೋಂದಾಯಿತವಾದ ಹೆಸರಿನ ರೂಪವನ್ನೇ ಮೂಲವಾಗಿಟ್ಟುಕೊಂಡು ಪ್ರತಿ ಲಿಪಿಯಲ್ಲಿಯೂ ಅದರ ಒಂದು ರೂಪವನ್ನು ಆ ವ್ಯಕ್ತಿಯೇ ಒಪ್ಪಿ ಬರೆದಿಡುವುದು ಉಚಿತ ಕ್ರಮ.

ಅಕ್ಷರರೂಪ

ಇಂಗ್ಲಿಷ್ ತಾಣಗಳಿಗಾಗಿ ಬರೆದ ಕೈಪಿಡಿಗಳನ್ನು ಕನ್ನಡಕ್ಕೆ ಹಾಗೆಯೇ ಅನ್ವಯಿಸಲಾಗದು. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲ. ಓರೆ ಅಕ್ಷರಗಳ ಪರಂಪರೆಯೂ ಇಲ್ಲ. ಒತ್ತು ಕೊಡಬೇಕಾದಲ್ಲಿ ಗಾತ್ರ, ಬಣ್ಣ ಅಥವಾ ದಪ್ಪವನ್ನೇ ಆಶ್ರಯಿಸಬೇಕು. ಚಿಕ್ಕ ಗಾತ್ರದಲ್ಲಿ ದಪ್ಪ ಅಕ್ಷರದ ಒಳಗಿನ ಬಯಲು ಮುಚ್ಚಿಹೋಗುವುದರಿಂದ ಆ ಉಪಾಯಕ್ಕೂ ಮಿತಿಯುಂಟು. ‘ರಾಷ್ಟ್ರ’, ‘ಸ್ತ್ರೀ’ ಮುಂತಾದ ಪದಗಳಲ್ಲಿ ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ, ಗುಡಿಸುಗಳು ಮೇಲೇರುತ್ತವೆ. ಸಾಲುಗಳ ಅಂತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುವ ಸಾಧ್ಯತೆಯಿದೆ. ಅಕ್ಷರಗಳ ನಡುವೆ ಅಂತರ ಬಿಡಿಸುವ ಇಂಗ್ಲಿಷ್ ಶೀರ್ಷಿಕೆಗಳ ಅಲಂಕಾರವು ಕನ್ನಡ ಪದವನ್ನು ಚೂರುಚೂರು ಮಾಡುತ್ತದೆ.

ಲ್ಯಾಟಿನ್ ಅಕ್ಷರಗಳಷ್ಟೇ ಇರುವ ಫಾಂಟನ್ನು ಆರಿಸಿದ ತಾಣದಲ್ಲಿ ಕನ್ನಡ ಭಾಗವು ಓದುಗನ ಸಾಧನದಲ್ಲಿರುವ ಯಾವುದೋ ಫಾಂಟಿನಲ್ಲಿ ಮೂಡುತ್ತದೆ. ಇದನ್ನು ತಪ್ಪಿಸಲು ಹಲವು ಲಿಪಿಗಳನ್ನು ಒಟ್ಟಿಗೆ ರೂಪಿಸಿದ ಕುಟುಂಬಗಳನ್ನು ಬಳಸಬಹುದು. ಏಕ್ ಟೈಪ್ ಸಂಸ್ಥೆಯ ‘ಅನೇಕ್’ ಕುಟುಂಬದಲ್ಲಿ ಲ್ಯಾಟಿನ್ನಿನೊಡನೆ ಕನ್ನಡ, ತಮಿಳು, ತೆಲುಗು ಸೇರಿದಂತೆ ಒಂಬತ್ತು ಭಾರತೀಯ ಲಿಪಿಗಳಿವೆ. ಉರ್ದುವಿಗೆ ಬೇರೆ ಫಾಂಟ್ ಬೇಕು. ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಟಿರೊ ಕನ್ನಡ ಸಹ ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ.

ಹಳೆಯ ಲೇಖನ, ವರದಿಗಳನ್ನು ತಾಣಕ್ಕೆ ಏರಿಸುವಾಗ ಒಂದು ತೊಡಕು ಎದುರಾಗುತ್ತದೆ. ನುಡಿ, ಬರಹ ತಂತ್ರಾಂಶಗಳ ಹಿಂದಿನ ಫಾಂಟುಗಳಲ್ಲಿ ಟೈಪಿಸಿದ ಕಡತವು ಯೂನಿಕೋಡ್ ಅಲ್ಲ. ನಕಲಿಸಿ ಅಂಟಿಸಿದರೆ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲು ಬರುತ್ತದೆ. ಅದನ್ನು ಚಿತ್ರವನ್ನಾಗಿ ಮಾಡಿ ಹಾಕುವವರಿದ್ದಾರೆ. ಅಂತಹ ಪುಟವನ್ನು ಹುಡುಕುಯಂತ್ರವು ಪಠ್ಯವಾಗಿ ಗ್ರಹಿಸುವುದು ಕಷ್ಟ, ದೃಷ್ಟಿಹೀನರ ಪರದೆ ಓದುಗ ತಂತ್ರಾಂಶಕ್ಕೂ ಅದು ಎಟುಕದು. ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿ, ಒಮ್ಮೆ ಕಣ್ಣಿಟ್ಟು ತಿದ್ದುವುದೇ ಸರಿ.

ಬಣ್ಣ

ಚಿನ್ನದ ಊರಿನ ತಾಣಕ್ಕೆ ಚಿನ್ನದ ಬಣ್ಣ ಬಳಸುವ ಆಸೆ ಸಹಜ. ಜಾಲಪುಟಗಳಲ್ಲಿ ‘ಗೋಲ್ಡ್’ ಎಂದು ಹೆಸರಿಸಲಾದ ಪ್ರಮಾಣಿತ ಬಣ್ಣವನ್ನು ಬಿಳಿಯ ಮೇಲಿಟ್ಟರೆ ವೈದೃಶ್ಯದ ಅನುಪಾತ ಸುಮಾರು 1.4:1 ಮಾತ್ರ. ಸಾಮಾನ್ಯ ಗಾತ್ರದ ಪಠ್ಯಕ್ಕೆ ಅಂತರರಾಷ್ಟ್ರೀಯ ಸುಗಮತಾ ಮಾರ್ಗಸೂಚಿಯು ಕನಿಷ್ಠ 4.5:1, ದೊಡ್ಡ ಅಕ್ಷರಗಳಿಗೆ 3:1 ಕೇಳುತ್ತದೆ. ಅದೇ ಬಣ್ಣ ಕಪ್ಪಿನ ಮೇಲೆ ಸುಮಾರು 15:1 ಆಗುತ್ತದೆ. ಆದರೆ 2018ರಲ್ಲಿ ತೆರೆಕಂಡ ‘ಕೆ.ಜಿ.ಎಫ್: ಚಾಪ್ಟರ್ 1’ ಚಲನಚಿತ್ರದ ನಂತರ ಆ ಊರಿನ ಹೆಸರಿನೊಡನೆ ಕಪ್ಪು ಮತ್ತು ಚಿನ್ನದ ಜೋಡಿಯನ್ನು ಕಂಡವರಿಗೆ ಸಿನಿಮಾ ನೆನಪಾಗುವುದು ಖಚಿತ. ಮಕ್ಕಳ ವೈದ್ಯರ ತಾಣಕ್ಕೆ ಅದು ಹೊಂದುವುದೇ ಎಂಬುದು ವಿಚಾರಾರ್ಹ. ಸಯನೈಡ್ ದಿಬ್ಬಗಳ ಬೂದು ಬಿಳುಪು ಆ ಊರಿನವರಿಗೆ ಹೆಚ್ಚು ಪರಿಚಿತ; ಹಿನ್ನೆಲೆಗೆ ಅಂತಹ ಬಣ್ಣವನ್ನಿಟ್ಟು, ಅಕ್ಷರಗಳಿಗೆ ಕಡು ನೀಲಿಯನ್ನೋ ಕಪ್ಪನ್ನೋ ಬಳಸಿ, ಚಿನ್ನದ ಬಣ್ಣವನ್ನು ಒಂದು ಗೆರೆಗೆ ಸೀಮಿತಗೊಳಿಸಿದರೆ ಓದಿಗೆ ಅಡ್ಡಿಯಾಗದು.

ಕಾನೂನಿನ ಮಿತಿಗಳು

ವೃತ್ತಿಪರರ ತಾಣದ ಕೈಪಿಡಿಯು ಅಂಗಡಿಯ ತಾಣದ ಕೈಪಿಡಿಗಿಂತ ಭಿನ್ನವಾಗುವುದು ಇಲ್ಲಿಯೇ. ಬಹಳಷ್ಟು ವಿನ್ಯಾಸಕಾರರಿಗೆ ಈ ನಿಯಮಗಳ ಪರಿಚಯವಿರುವುದಿಲ್ಲ. ದೋಷದ ಹೊಣೆ ಬೀಳುವುದು ಮಾತ್ರ ವೃತ್ತಿನಿರತನ ಮೇಲೆ.

ಭಾರತೀಯ ವಕೀಲರ ಪರಿಷತ್ತಿನ 36ನೆಯ ನಿಯಮವು ವಕೀಲರ ಜಾಹೀರಾತನ್ನು ನಿಷೇಧಿಸುತ್ತದೆ. 2008ರ ತಿದ್ದುಪಡಿಯಂತೆ ಹೆಸರು, ವಿಳಾಸ, ದೂರವಾಣಿ, ಮಿಂಚಂಚೆ, ನೋಂದಣಿಯ ಸಂಖ್ಯೆ ಮತ್ತು ದಿನಾಂಕ, ರಾಜ್ಯ ಪರಿಷತ್ತಿನ ಹೆಸರು, ವಿದ್ಯಾರ್ಹತೆ, ಅಭ್ಯಾಸದ ಕ್ಷೇತ್ರ ಇವುಗಳನ್ನು ಜಾಲತಾಣದಲ್ಲಿ ಕೊಡಬಹುದು. ಗೆದ್ದ ಮೊಕದ್ದಮೆಗಳ ಪಟ್ಟಿಗೂ ಕಕ್ಷಿದಾರರ ಹೊಗಳಿಕೆಗೂ ಅಲ್ಲಿ ಎಡೆಯಿಲ್ಲ. ವೈದ್ಯರ ಮಟ್ಟಿಗೆ 2002ರ ವೃತ್ತಿನಡತೆಯ ನಿಯಮಾವಳಿಯು ರೋಗಿಗಳನ್ನು ಸೆಳೆಯುವ ಪ್ರಚಾರವನ್ನು ತಡೆಯುತ್ತದೆ. ನಾಮಫಲಕದಲ್ಲಿಯೂ ಪತ್ರಶಿರದಲ್ಲಿಯೂ ಸ್ವಂತ ಭಾವಚಿತ್ರ ಮುದ್ರಿಸುವುದನ್ನು ಸ್ವಪ್ರಚಾರವೆಂದು ಎಣಿಸುತ್ತದೆ. ಆ ನಿಯಮ ಹುಟ್ಟಿದ್ದು ಹಲಗೆ ಮತ್ತು ಕಾಗದಗಳನ್ನು ಕುರಿತು. ಆದರೂ ತಾಣದ ಮುಖಪುಟವನ್ನು ವೈದ್ಯರ ದೊಡ್ಡ ಭಾವಚಿತ್ರದಿಂದ ತುಂಬಿಸದಿರುವುದು ಅದರ ಆಶಯಕ್ಕೆ ಹತ್ತಿರ.

ಬಿಳಿಯ ಮೇಲಿನ ಕೆಂಪು ಶಿಲುಬೆಯು ವೈದ್ಯಕೀಯದ ಸಾಮಾನ್ಯ ಚಿಹ್ನೆಯೆಂಬ ತಿಳಿವಳಿಕೆ ಪೇಟೆಗಳಲ್ಲಿ ವ್ಯಾಪಕವಾಗಿದೆ. ಅದು ಯುದ್ಧಕಾಲದಲ್ಲಿ ಗಾಯಾಳುಗಳನ್ನೂ ಶುಶ್ರೂಷಕರನ್ನೂ ರಕ್ಷಿಸುವ ಲಾಂಛನ; 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅದನ್ನು ಬಳಸುವಂತಿಲ್ಲ. ರಾಷ್ಟ್ರಲಾಂಛನವಾದ ಸಿಂಹಸ್ತಂಭದ ಬಳಕೆಗೆ 2005ರ ಕಾಯ್ದೆಯ ನಿರ್ಬಂಧವಿದೆ. ಕೈಪಿಡಿಯಲ್ಲಿ ‘ಬಳಸಬಾರದ ಚಿಹ್ನೆಗಳು’ ಎಂಬ ಒಂದು ಪುಟವಿದ್ದು, ಇವೆರಡನ್ನು ಚಿತ್ರಸಹಿತ ತೋರಿಸಿದ್ದರೆ ಮುಂದೆ ತಾಣವನ್ನು ನೋಡಿಕೊಳ್ಳುವವರು ಕೇಳಬೇಕಾಗಿಲ್ಲ.

ಪರಿಷ್ಕರಣೆ

ವಿಳಾಸ ಬದಲಾದಾಗ, ಹೊಸ ವಿದ್ಯಾರ್ಹತೆ ಸೇರಿದಾಗ, ವೃತ್ತಿ ಪರಿಷತ್ತು ನಿಯಮ ತಿದ್ದಿದಾಗ ಕೈಪಿಡಿಯನ್ನೂ ತಿದ್ದಿ ದಿನಾಂಕ ನಮೂದಿಸಲಾಗುತ್ತದೆ. ತಮಿಳು, ತೆಲುಗು ಮತ್ತು ಉರ್ದು ಪುಟಗಳನ್ನು ಆಯಾ ಭಾಷೆ ಬಲ್ಲವರೊಬ್ಬರು ಓದಿದ ಮೇಲೆಯೇ ಪ್ರಕಟಿಸುವುದು ರೂಢಿ. ಕನ್ನಡ ಮತ್ತು ತೆಲುಗು ಲಿಪಿಗಳು ನೋಟಕ್ಕೆ ಹತ್ತಿರವಾಗಿರುವುದರಿಂದ ಒಂದರ ಪುಟದಲ್ಲಿ ಇನ್ನೊಂದರ ಅಕ್ಷರ ಸೇರಿಕೊಂಡರೂ ಎರಡನ್ನೂ ಅರಿಯದ ವಿನ್ಯಾಸಕಾರನ ಕಣ್ಣಿಗೆ ಅದು ಬೀಳುವುದಿಲ್ಲ.