ಮತ, ಮಾತು ಮತ್ತು ಸತ್ಯಾಣುವ್ರತ

೨೦೦೬ರ ತಮಿಳುನಾಡು ವಿಧಾನಸಭಾ ಚುನಾವಣೆಯಲ್ಲಿ ಉಚಿತ ಬಣ್ಣದ ಟೆಲಿವಿಷನ್ ನೀಡುವ ಭರವಸೆಯು ಪ್ರಣಾಳಿಕೆಯಲ್ಲಿ ಸ್ಥಾನ ಪಡೆಯಿತು. ಈ ಕುರಿತ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೩ರ ಜುಲೈ ೫ರಂದು ತೀರ್ಪಿತ್ತಿತು: ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯಿದೆಯು ಅಭ್ಯರ್ಥಿಯ ಆಮಿಷವನ್ನು ಭ್ರಷ್ಟ ಆಚರಣೆಯೆಂದು ಎಣಿಸುತ್ತದೆ, ಪಕ್ಷದ ಪ್ರಣಾಳಿಕೆಯನ್ನಲ್ಲ. ಆದರೂ ಮಾರ್ಗಸೂಚಿ ರಚಿಸುವಂತೆ ಚುನಾವಣಾ ಆಯೋಗಕ್ಕೆ ಸೂಚಿಸಿತು. ಈಡೇರಿಸಬಲ್ಲ ಭರವಸೆಗಳಿಂದಲೇ ಮತದಾರರ ವಿಶ್ವಾಸ ಕೋರಬೇಕು, ಹಣದ ಮೂಲವನ್ನು ಸ್ಥೂಲವಾಗಿ ತಿಳಿಸಬೇಕು ಎಂಬ ನಿಯಮ ೨೦೧೪ರಲ್ಲಿ ಮಾದರಿ ನೀತಿಸಂಹಿತೆಗೆ ಸೇರಿತು. ಆದರೆ ಗೆದ್ದ ಮೇಲೆ ಮಾತು ತಪ್ಪಿದ ಪಕ್ಷಕ್ಕೆ ಅದರಲ್ಲಿ ದಂಡನೆಯಿಲ್ಲ. ಮತದಾರನ ಸಂಶಯ ನಿರಾಧಾರವಲ್ಲ.

ಆಚಾರ್ಯ ತುಳಸಿಯವರು ೧೯೪೯ರಲ್ಲಿ ಆರಂಭಿಸಿದ ಅಣುವ್ರತ ಆಂದೋಲನದ ನಿಯಮಗಳಲ್ಲಿ, ಚುನಾವಣೆಯಲ್ಲಿ ಅನೈತಿಕ ಆಚರಣೆಗೆ ಇಳಿಯೆನೆಂಬ ಪ್ರತಿಜ್ಞೆಯೂ ಉಂಟು. ಕಾನೂನು ತಲಪದ ಎಡೆಯನ್ನು ವ್ರತವು ತಲಪಬಲ್ಲದು. ಭರವಸೆಯ ವೆಚ್ಚ ಎಲ್ಲಿಂದ ಬರುವುದೆಂದು ಶ್ರಾವಕನು ಕೇಳುವುದೂ ಸತ್ಯಾಣುವ್ರತದ ಪಾಲನೆಯೇ.